ಸೀನಿಯರ್‌ಗೆ ಹಾಸ್ಟೆಲ್ ಇಲ್ಲ ಅಂದವರು ಯಾರು?

ಸಂಕೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸಿಗೆ ಕಾಯುವ ಹುಡುಗರನ್ನು ಮಾತಿಗೆಳೆದರೆ ಒಂದು ಮಾತು ಬಂದೇ ಬರುತ್ತದೆ: ‘ಹಾಸ್ಟೆಲ್ ಏನಿದ್ರೂ ಫಸ್ಟ್ ಇಯರ್‌ದವ್ರಿಗ್ರಿ. ಆಮ್ಯಾಲ ರೂಮ್ ಮಾಡ್ಕೊಂಡ ಇರಬೇಕು.’

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ತಂದ ನಿಯಮದಲ್ಲಿ, ಹೊಸಬರನ್ನು ಸಾಧ್ಯವಾದಷ್ಟೂ ಬೇರೆ ಬ್ಲಾಕ್‌ನಲ್ಲಿ ಇರಿಸಬೇಕು ಎಂದಿದೆ. ಬೇರೆ ಬ್ಲಾಕ್ ಇಲ್ಲದ ಕಡೆ ಸೀನಿಯರ್‌ಗಳು ಅತ್ತ ಸುಳಿಯದಂತೆ ವಾರ್ಡನ್ ಕಣ್ಣಿಡಬೇಕು. ಅಷ್ಟೇ. ಅವರನ್ನು ಹೊರಗೆ ಹಾಕಿ ಎಂದು ಅದು ಹೇಳುವುದಿಲ್ಲ. ಕೋಣೆ ಸಾಲದ ಕಾಲೇಜು ಹೊಸಬರಿಗೆ ಮೊದಲು ಕೊಟ್ಟರೆ ಅದು ಆ ಕಾಲೇಜಿನ ಲೆಕ್ಕಾಚಾರ.

ಇದಕ್ಕಿಂತ ದೊಡ್ಡ ಗೊಂದಲ, ಹಾಸ್ಟೆಲ್ ಎಂದರೆ ಎಲ್ಲವೂ ಒಂದೇ ಎನ್ನುವುದು. ಕಾಲೇಜು ಅಥವಾ ವಿಶ್ವವಿದ್ಯಾಲಯದ ಹಾಸ್ಟೆಲ್ ಬೇರೆ. ಸಮಾಜ ಕಲ್ಯಾಣ ಇಲಾಖೆಯದ್ದು, ಜನ ‘ಬಿಸಿಎಂ’ ಎಂದು ಕರೆಯುವ ಹಿಂದುಳಿದ ವರ್ಗಗಳ ಇಲಾಖೆಯದ್ದು ಬೇರೆ. ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಒಂದೇ ಕಾಲೇಜಿಗೆ ಕಟ್ಟಿದ್ದಲ್ಲ. ಅಲ್ಲಿ ಸೀಟು ಸಿಕ್ಕವರು ಪಾಸಾಗುತ್ತ ಹೋದರೆ ಅದೇ ಕೋರ್ಸ್ ಮುಗಿಯುವ ತನಕ ನವೀಕರಣದ ಮೇಲೆ ಮುಂದುವರಿಯಬಹುದು. ಕೋರ್ಸ್ ಬದಲಾದರೆ ಮಾತ್ರ ಹೊಸ ಅರ್ಜಿ. ಎಡವುವುದು ಇಲ್ಲೇ. ಬಿಎ ಮುಗಿಸಿ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಎಂಎಗೆ ಸೇರಿದವನು ‘ನಾ ಹಳಬ’ ಎಂದು ಸುಮ್ಮನಿದ್ದರೆ ಸೀಟು ಕೈತಪ್ಪುತ್ತದೆ. ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್‌ನ ಮೂರನೇ ಸೆಮಿಸ್ಟರ್‌ಗೆ ನೇರ ಬಂದವಳು ಕಾಲೇಜಿನಲ್ಲಿ ಎರಡನೇ ವರ್ಷದವಳು, ಹಾಸ್ಟೆಲ್ ಅರ್ಜಿಯಲ್ಲಿ ಹೊಸಬಳು.

ಕಾಗದದ ಗಂಟೂ ಒಂದಿದೆ. ಅರ್ಜಿ ಕೇಳುವುದು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್. ಆ ಪತ್ರದ ಆಯುಷ್ಯ 5 ವರ್ಷ. ಪಿಯುಸಿಗೆ ಸೇರುವಾಗ ಮಾಡಿಸಿದ್ದು, ಪಿಯುಸಿಯ 2 ವರ್ಷ, ಪದವಿಯ 3 ವರ್ಷ ಕಳೆದು, ಸರಿಯಾಗಿ ಪಿಜಿ ಅರ್ಜಿ ಹಾಕುವ ಹೊತ್ತಿಗೆ ಸತ್ತಿರುತ್ತದೆ! ಮೇ ತಿಂಗಳಲ್ಲೇ ನಾಡಕಚೇರಿಗೆ ಹೋಗಿ ಬರುವುದು ಲೇಸು.

ಸೀಟು ಸಿಗದಿದ್ದರೆ ಸರ್ಕಾರದಿಂದ ಬೇರೇನೂ ಇಲ್ಲ ಎನ್ನುವುದೂ ಸುಳ್ಳು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಊಟ-ವಸತಿಗೆಂದು 2013-14ರಲ್ಲಿ ವಿದ್ಯಾಸಿರಿ ಬಂತು; ಆಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ಹಣ. ಅದಕ್ಕೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು.

ಇತ್ತೀಚಿನ ಮಾತು: ‘ಬಸ್ ಫ್ರೀ ಐತಿ, ಹುಡುಗ್ಯಾರಿಗೆ ಹಾಸ್ಟೆಲ್ ಯಾಕ?’ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ನಿಜ. ಭೂತರಾಮನಹಟ್ಟಿ ಬೆಳಗಾವಿಗಿಂತ ಮೊದಲೇ ಹೆದ್ದಾರಿಯ ಮೇಲೆ ಸಿಗುವುದರಿಂದ ಸಂಕೇಶ್ವರದವರು ಹೇಗೋ ಓಡಾಡಿಯಾರು. ಆದರೆ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್‌ಗೆ ಗೊತ್ತುಮಾಡಿದ ಜಾಗ ಹಿರೇಬಾಗೇವಾಡಿ, ಬೆಳಗಾವಿ ದಾಟಿ ಧಾರವಾಡದ ದಿಕ್ಕಿಗೆ. ಅಲ್ಲಿಗೆ ಸಂಕೇಶ್ವರದಿಂದ ದಿನಾ ಹೋಗಿಬರುವವಳಿಗೆ ಟಿಕೆಟ್ ದುಡ್ಡು ಉಳಿದೀತು, ಓದುವ ಮೂರ್ನಾಲ್ಕು ತಾಸು ಬಸ್ಸಿನಲ್ಲೇ ಹೋಗುತ್ತದೆ.