ಎಲೆ ಲೆಕ್ಕ ಇಲ್ಲದ ಅರ್ಧ ಗಂಟೆ



ಕಳೆದ ಮಹಾಸಭೆಯ ಊಟಕ್ಕೆ ಕುಳಿತಿದ್ದಾಗ ಪಕ್ಕದ ಎಲೆಯವರು, "ಈ ವಯಸ್ಸಿನಲ್ಲಿ ಮೃದಂಗ ಕಲೀತಿದ್ದೀರಂತೆ, ಹೌದೇ?" ಎಂದು ಕೇಳಿ ನಕ್ಕರು. ನಾನೂ ನಕ್ಕೆ. ಪಾಯಸ ಬರುವ ಹೊತ್ತಿಗೆ ಅವರೇ ದನಿ ತಗ್ಗಿಸಿ, "ನನಗೂ ಒಂದು ವರ್ಷದಿಂದ ಯಾವುದೂ ಬೇಡ ಅನ್ನಿಸ್ತಿದೆ ಮಾರಾಯ್ರೇ" ಎಂದರು. ಅಷ್ಟರಲ್ಲಿ ಮಜ್ಜಿಗೆ ಬಂತು, ಮಾತು ನಿಂತಿತು. ಪಂಕ್ತಿಯಲ್ಲಿ ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರೊಬ್ಬರೇ ಅಲ್ಲ, ನಮ್ಮಲ್ಲಿ ಇನ್ನೂ ಕೆಲವರಿಗೆ ಇದು ಬೇಕಾಗಬಹುದು.

ನಮ್ಮ ಉದ್ಯೋಗದ ರೀತಿ ನಿಮಗೆ ಗೊತ್ತೇ ಇದೆ. ವೈಶಾಖ, ಜ್ಯೇಷ್ಠದಲ್ಲಿ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಒಲೆ ಹಚ್ಚಿದರೆ ಮರುದಿನ ಪಾತ್ರೆ ಲಾರಿಗೆ ಏರುವವರೆಗೆ ಕುಳಿತದ್ದಿಲ್ಲ. ಅದು ಮುಗಿಯಿತೋ, ಆಷಾಢ. ಚೆನ್ನೈಯಲ್ಲಿರುವ ನಮಗೆ ಕಷ್ಟ ಎರಡು ಪಾಲು. ನಮ್ಮವರ ಆಷಾಢ ಮುಗಿಯುವುದರೊಳಗೆ ತಮಿಳರ ಆಡಿ ಶುರುವಾಗಿರುತ್ತದೆ. ಮುಂದೆ ಪಿತೃಪಕ್ಷ, ಡಿಸೆಂಬರ್ ನಡುವಿನಿಂದ ಮಾರ್ಗಳಿ. ಸಭಾ ಕ್ಯಾಂಟೀನು ಹಿಡಿದವರಿಗೆ ಮಾರ್ಗಳಿಯಲ್ಲಿ ಕೆಲಸ ಇದೆ, ಉಳಿದವರು ಕೊಪ್ಪರಿಗೆ ಬೋರಲು ಹಾಕಿ ಕೂರಬೇಕು. ಓಡುತ್ತಿದ್ದ ಮನುಷ್ಯ ಒಮ್ಮೆಲೇ ನಿಂತಾಗ ತಲೆ ಸುತ್ತುತ್ತದಲ್ಲ, ಮನಸ್ಸಿಗೂ ಹಾಗೇ ಆಗುತ್ತದೆ ಎಂಬುದು ನನಗೆ ತಿಳಿದದ್ದು ತಡವಾಗಿ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಏಪ್ರಿಲ್, ಮೇ ತಿಂಗಳ ನನ್ನ ಎಲ್ಲಾ ಮುಹೂರ್ತಗಳೂ ರದ್ದಾದವು. ಮುಂಗಡ ಹಿಂದಿರುಗಿಸಿದೆ, ಕೆಲಸದವರನ್ನು ಊರಿಗೆ ಕಳಿಸಿದೆ. ಐವತ್ತು ಜನರ ಮದುವೆಗೆ ಅಡುಗೆ ಮಾಡಿ, ಅದರಲ್ಲೂ ನಷ್ಟ ತಿಂದೆ. ಆಗ ಬೇಸರವಾದದ್ದು ಸಹಜ. ವಿಚಿತ್ರವೆಂದರೆ 2022ರಲ್ಲಿ ಕೆಲಸ ಹಿಂದಿನಂತೆಯೇ ಬಂತು, ಸಾಲವೂ ಅರ್ಧ ತೀರಿತು, ಬೇಸರ ಮಾತ್ರ ಹೋಗಲಿಲ್ಲ. ಇನ್ನೂ ದಪ್ಪವಾಯಿತು. ಬೆಳಿಗ್ಗೆ ನಾಲ್ಕಕ್ಕೆ ತಾನಾಗಿ ಎಚ್ಚರವಾಗಿ, ಆರರವರೆಗೆ ಫ್ಯಾನು ನೋಡುತ್ತಾ ಮಲಗಿರುತ್ತಿದ್ದೆ. ಯಾರ ಫೋನೂ ಎತ್ತಬೇಕೆನಿಸದು.

ಅದನ್ನು ಮೊದಲು ಕಂಡುಹಿಡಿದವರು ನಮ್ಮ ಭಟ್ಟರು. ಒಂದು ಉಪನಯನದ ದಿನ ಹುಳಿಯ ಹಂಡೆಯ ಪಕ್ಕ ಸೌಟು ಹಿಡಿದು ನಿಂತು, "ಯಜಮಾನ್ರೇ, ನೀವು ರುಚಿ ನೋಡದೆ ಒಂದು ತಿಂಗಳಾಯ್ತು" ಎಂದರು. ಇಪ್ಪತ್ತಾರು ವರ್ಷ ಪ್ರತಿ ಹಂಡೆಯಿಂದಲೂ ಅಂಗೈಗೆ ಬಿಟ್ಟುಕೊಂಡು ನೋಡಿದವನು ನಾನು. ಅವತ್ತು ಅವರು ಅಂಗೈಗೆ ಬಿಟ್ಟ ಹುಳಿಗೆ ಉಪ್ಪು ಸಾಕೋ ಬೇಕೋ ಹೇಳಲಾಗಲಿಲ್ಲ. ನಾಲಿಗೆಗೆ ತಿಳಿಯುತ್ತಿತ್ತು, ಹೇಳಬೇಕೆಂಬ ಆಸಕ್ತಿಯೇ ಇರಲಿಲ್ಲ. ಆ ರಾತ್ರಿ ಮನೆಯಲ್ಲಿ, "ಈ ವ್ಯವಹಾರ ಮುಚ್ಚಿಬಿಡೋಣ" ಎಂದೆ. ನಮ್ಮ ಮನೆಯವರು, "ಮುಚ್ಚುವಾ ರೀ, ಮೊದಲು ಒಮ್ಮೆ ಡಾಕ್ಟರರಿಗೆ ತೋರಿಸುವಾ" ಎಂದರು.

ಡಾಕ್ಟರರು ಸಕ್ಕರೆ, ಥೈರಾಯ್ಡ್ ಎಲ್ಲಾ ನೋಡಿಸಿ, ಮನೋವೈದ್ಯರಲ್ಲಿಗೆ ಕಳಿಸಿದರು. ಎರಡು ವಾರಕ್ಕೂ ಮಿಕ್ಕಿ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲೂ ಆಸಕ್ತಿ ಸತ್ತಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ ಅದನ್ನು ಖಿನ್ನತೆ ಎಂದು ನೋಡಬೇಕಾಗುತ್ತದೆ ಎಂದು ಅವರು ವಿವರಿಸಿದರು. ಗುಳಿಗೆ ಬರೆದುಕೊಟ್ಟರು. ಅದನ್ನು ಎಂಟು ತಿಂಗಳು ತೆಗೆದುಕೊಂಡೆ, ಅವರು ಹೇಳಿದ ಮೇಲೆಯೇ ನಿಲ್ಲಿಸಿದೆ. ಇದನ್ನು ಮುಚ್ಚಿಟ್ಟು ಮೃದಂಗವೇ ಎಲ್ಲವನ್ನೂ ಮಾಡಿತು ಎಂದು ಬರೆದರೆ ಸುಳ್ಳಾಗುತ್ತದೆ.

ಆದರೆ ಗುಳಿಗೆಯ ಜತೆಗೆ ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು: "ಅಡುಗೆ ಬಿಟ್ಟರೆ ನೀವು ಮತ್ತೇನು ಮಾಡುತ್ತೀರಿ?" ಬಹಳ ಹೊತ್ತು ಯೋಚಿಸಿದೆ. ಟೀವಿ ನೋಡುತ್ತೇನೆ ಎಂದೆ. ಅದು ಲೆಕ್ಕಕ್ಕಿಲ್ಲ, ಕೈ ಉಪಯೋಗಿಸಿ ಮಾಡುವಂಥದ್ದು ಹೇಳಿ ಎಂದರು. ಒಂದೂ ಇರಲಿಲ್ಲ. "ಮನಸ್ಸಾದಾಗ ಏನಾದರೂ ಶುರು ಮಾಡುತ್ತೇನೆ" ಎಂದದ್ದಕ್ಕೆ ಅವರು ತಲೆಯಾಡಿಸಿದರು. ಈ ಕಾಯಿಲೆಯಲ್ಲಿ ಮನಸ್ಸಾಗುವುದಕ್ಕೆ ಕಾದರೆ ಮನಸ್ಸಾಗುವುದೇ ಇಲ್ಲವಂತೆ. ಮೊದಲು ಕೈ ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಪೀಟರ್ ಲೆವಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಈ ದಾರಿಯನ್ನು ಬೆಳೆಸಿದವರಲ್ಲಿ ಮುಖ್ಯರು. ಬೇಸರವಾದವನು ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾನೆ. ಬಿಟ್ಟಷ್ಟೂ ಸಂತೋಷದ ದಾರಿಗಳು ಮುಚ್ಚುತ್ತವೆ, ಅದರಿಂದ ಬೇಸರ ಹೆಚ್ಚುತ್ತದೆ. ಆ ಗಾಣವನ್ನು ನಿಲ್ಲಿಸಲು ದಿನಕ್ಕೆ ಒಂದು ಸಣ್ಣ ಕೆಲಸವನ್ನು ಹೊತ್ತು ಗೊತ್ತು ಮಾಡಿ, ಬೇಕೆನಿಸಲಿ ಬೇಡವೆನಿಸಲಿ, ಮಾಡಿಬಿಡುವುದು. ಇಂದಿಗೂ ವೈದ್ಯರು ಈ ಚಿಕಿತ್ಸೆಯನ್ನು ಬಳಸುತ್ತಾರೆ.

ಮನೆಯ ಅಟ್ಟದ ಮೇಲೆ ಮಗ ಎಂಟನೇ ಕ್ಲಾಸಿಗೆ ಬಿಟ್ಟ ಮೃದಂಗವಿತ್ತು. ಬೇರೇನೂ ಹೊಳೆಯದೆ ಅದನ್ನೇ ಇಳಿಸಿದೆ. ಹಲಸಿನ ಮರದ ಹೊಳವು, ಊರಿನ ಮನೆಯ ಹಿತ್ತಲು ನೆನಪಾಯಿತು. ಬೀದಿಯ ತುದಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಗುರುಗಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೊದಲ ದಿನ ಅವರು ಎಡದ ಮುಚ್ಚಿಗೆಗೆ ರವೆ ಕಲಸಿ ಹಚ್ಚಲು ಹೇಳಿದಾಗ ಇದೇನು ತಮಾಷೆಯೇ ಅನ್ನಿಸಿತು. ತಮಾಷೆಯಲ್ಲವಂತೆ. ರವೆಗೆ ನೀರು ಹಾಕಿ ಹದವಾಗಿ ಕಲಸಿ ಎಡಗಡೆ ನಡುವೆ ಮೆತ್ತಿದರೆ ಆ ಭಾರಕ್ಕೆ ನಾದ ತಗ್ಗುತ್ತದೆ, ಗುಂ ಎನ್ನುತ್ತದೆ. ನುಡಿಸಿ ಆದ ಮೇಲೆ ಕೆರೆದು ತೆಗೆಯಬೇಕು, ಮರುದಿನ ಹೊಸದು. ಐವತ್ತೆರಡು ವರ್ಷದ ನನಗೆ ಅವತ್ತು ಗೊತ್ತಿದ್ದದ್ದು ಅದೊಂದೇ: ರವೆಯ ಹದ.

ಪಾಠ 'ತ ದಿ ತೊಂ ನಂ'. ಅದನ್ನೇ ನಿಧಾನಕ್ಕೆ, ಅದರ ಎರಡರಷ್ಟು ವೇಗಕ್ಕೆ, ಆಮೇಲೆ ನಾಲ್ಕರಷ್ಟಕ್ಕೆ. ಮೊದಲ ಮೂರು ವಾರ ಯಾವ ಸುಖವೂ ಸಿಗಲಿಲ್ಲ, ಬೆರಳು ಊದಿತು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕು ಎಂದು ನಮ್ಮ ಮನೆಯವರೇ ಗೊತ್ತು ಮಾಡಿ, ಗಡಿಯಾರ ತಂದು ಎದುರಿಗಿಡುತ್ತಿದ್ದರು. ನಾಲ್ಕನೇ ವಾರ ಇರಬೇಕು, ಒಂದು ದಿನ ಗಡಿಯಾರ ನೋಡಿದರೆ ನಾಲ್ಕೂ ಹತ್ತು. ಆ ನಲವತ್ತು ನಿಮಿಷದಲ್ಲಿ ಸಾಲದ ಯೋಚನೆ ಬಂದಿರಲಿಲ್ಲ. ಬರಲು ಜಾಗವೂ ಇರಲಿಲ್ಲವೆನ್ನಿ, ಎಂಟೆಣಿಕೆಯ ಆದಿತಾಳ ತಪ್ಪದಂತೆ ನೋಡಿಕೊಳ್ಳುವುದರಲ್ಲೇ ತಲೆ ಪೂರ್ತಿ ತುಂಬಿತ್ತು.

ಇದರ ಗುಣ ಅದೇ ಎಂದು ನನ್ನ ಅಭಿಪ್ರಾಯ. ನಮ್ಮ ಉದ್ಯೋಗದಲ್ಲಿ ಎಲ್ಲಕ್ಕೂ ಎಲೆ ಲೆಕ್ಕ. ಎಷ್ಟು ಎಲೆ ಬಿತ್ತು, ಎಲೆಗೆಷ್ಟು ರೂಪಾಯಿ, ಎಲೆಯಲ್ಲಿ ಎಷ್ಟು ಉಳಿಯಿತು, ಬೀಗರು ಏನೆಂದರು. ಸಾವಿರ ಜನ ತೃಪ್ತಿಯಿಂದ ಎದ್ದರೂ ಒಬ್ಬರು ಕೋಸಂಬರಿ ಸಪ್ಪೆ ಎಂದರೆ ರಾತ್ರಿ ಅದೇ ಕಿವಿಯಲ್ಲಿ. ಮೃದಂಗಕ್ಕೆ ಬೀಗರಿಲ್ಲ. ತಪ್ಪಿದರೆ ಇನ್ನೊಮ್ಮೆ ನುಡಿಸಿದರಾಯಿತು.

ಇದು ಬರೀ ನನ್ನ ಅನುಭವವಲ್ಲ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರನ್ನು 45 ನಿಮಿಷ ಕೂರಿಸಿ ಬಣ್ಣ, ಜೇಡಿಮಣ್ಣು, ಕಾಗದದಲ್ಲಿ ಇಷ್ಟ ಬಂದದ್ದನ್ನು ಮಾಡಲು ಬಿಟ್ಟರು. ಮೊದಲೂ ಆಮೇಲೂ ಎಂಜಲು ಪರೀಕ್ಷೆ ಮಾಡಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಮೊದಲೇ ಚಿತ್ರ ಬರೆದು ಅಭ್ಯಾಸವಿದ್ದವರಿಗೂ ಏನೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಹಡಿ ಕಟ್ಟಬೇಕಾಗಿಲ್ಲ. ಆದರೆ 'ನನಗೆ ಕೈ ಬರುವುದಿಲ್ಲ' ಎನ್ನುವವರು ಆ ಕೊನೆಯ ಮಾತನ್ನು ಗಮನಿಸಬೇಕು. ಇಂಗ್ಲೆಂಡಿನ ವಿನ್‌ಸ್ಟನ್ ಚರ್ಚಿಲ್‌ನ ಹೆಸರು ನಮ್ಮ ದೇಶದಲ್ಲಿ ಪ್ರೀತಿಯಿಂದ ಹೇಳುವಂಥದ್ದಲ್ಲ. ಆದರೂ 1915ರಲ್ಲಿ ಡಾರ್ಡನೆಲ್ಸ್ ಯುದ್ಧದ ಸೋಲಿನಿಂದ ಅಧಿಕಾರ ಕಳೆದುಕೊಂಡು ಕುಸಿದಿದ್ದ ಆ ಮನುಷ್ಯ, ನಲವತ್ತನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಕುಂಚ ಹಿಡಿದದ್ದು ನಿಜ. ಮುಂದೆ ಐನೂರಕ್ಕೂ ಹೆಚ್ಚು ಚಿತ್ರ ಬರೆದ.

ಅಷ್ಟು ದೂರವೇಕೆ, ನಮ್ಮ ಹಿರಿಯರಿಗೇ ಇದು ಗೊತ್ತಿತ್ತು. ತಮಿಳರ ಆಡಿ ತಿಂಗಳೇ ನಮ್ಮ ತುಳುನಾಡಿನ ಆಟಿ. ಜಡಿಮಳೆ, ಕೈಗೆ ಕೆಲಸವಿಲ್ಲ, ಮನೆಯಲ್ಲಿ ಅಕ್ಕಿಯೂ ಕಡಿಮೆ. ಆಗಲೇ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಅಜ್ಜಿ ಮೊಮ್ಮಕ್ಕಳು ಎದುರುಬದುರು. ಬಯಲಾಟದ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಚಾವಡಿಯಲ್ಲಿ ತಾಳಮದ್ದಳೆ. ನಾವು ಊರು ಬಿಟ್ಟು ಬರುವಾಗ ಸೌಟು ತಂದೆವು, ಚೆನ್ನೆಮಣೆ ಅಲ್ಲೇ ಬಿಟ್ಟೆವು.

ನನ್ನ ಗೋಡೌನಿನಲ್ಲಿ ಒಡಿಶಾದ ಹುಡುಗನೊಬ್ಬನಿದ್ದಾನೆ, ಪಾತ್ರೆ ತೊಳೆಯುವವನು. ಬಂದ ಹೊಸತರಲ್ಲಿ ಮಾತೇ ಇಲ್ಲ, ರಾತ್ರಿ ಒಬ್ಬನೇ ಅಳುತ್ತಾನೆಂದು ಭಟ್ಟರು ಹೇಳುತ್ತಿದ್ದರು. ಒಂದು ದಿನ ದೋಸೆಗೆ ರುಬ್ಬುವ ಮೊದಲು ನೆನೆದ ಅಕ್ಕಿ ಒಂದು ಹಿಡಿ ಕೇಳಿದ. ಅದನ್ನು ನುಣ್ಣಗೆ ಅರೆದು, ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಬೆರಳಲ್ಲೇ ಭತ್ತದ ತೆನೆ, ಕಮಲ, ಲಕ್ಷ್ಮಿಯ ಪಾದ ಬರೆದ. ಅವರ ಊರಲ್ಲಿ ಝೋಟಿ ಎನ್ನುತ್ತಾರೆ. ಹೆಂಗಸರು ಬರೆಯುವಂಥದ್ದು, ಅಮ್ಮ ಬರೆಯುವಾಗ ನೋಡಿ ಕಲಿತದ್ದಂತೆ. ನಮ್ಮ ಭಟ್ಟರ ಹೆಂಡತಿ ನೋಡಿ ಪಕ್ಕದಲ್ಲಿ ಚುಕ್ಕಿ ರಂಗೋಲಿ ಹಾಕಿದರು. ಭಾಷೆ ಬಾರದ ಇಬ್ಬರೂ ಅರ್ಧ ಗಂಟೆ ಕೈಯಲ್ಲೇ ಮಾತಾಡಿದರು. ಈಗ ಶುಕ್ರವಾರ ಅವನಿಗೆ ಒಂದು ಹಿಡಿ ಅಕ್ಕಿ ಮೀಸಲು, ದಿನಸಿ ಪಟ್ಟಿಯಲ್ಲಿ ಬರೆಯುವುದಿಲ್ಲ. ಅವನು ಅಳುವುದು ಪೂರಾ ನಿಂತಿದೆಯೇ, ನಾನು ಕೇಳಿಲ್ಲ. ಊರಿಗೆ ಹೋದವನು ತಿರುಗಿ ಬಂದಿದ್ದಾನೆ.

ಇದರ ವಿರುದ್ಧದ ಕತೆಯನ್ನೂ ಹೇಳಬೇಕು. ನಮ್ಮದೇ ವೃತ್ತಿಯ ಸ್ನೇಹಿತರೊಬ್ಬರು ಬೇಸರ ಕಳೆಯಲು ಕಲ್ಲಂಗಡಿ, ಕ್ಯಾರೆಟ್‌ನಲ್ಲಿ ಹಂಸ, ಗುಲಾಬಿ ಕೆತ್ತುತ್ತಿದ್ದರು. ಚೆಂದವಾಗಿತ್ತು. ನಾವೆಲ್ಲ ಸೇರಿ, "ಇದನ್ನು ಬಫೆ ಮೇಜಿಗೆ ಇಡಿ" ಎಂದು ಹುರಿದುಂಬಿಸಿದೆವು. ಪಾರ್ಟಿಗಳು ಕೇಳತೊಡಗಿದರು, ದರಪಟ್ಟಿಯಲ್ಲಿ ಸಾಲು ಸೇರಿತು. ಈಗ ಹಂಸದ ಕೊರಳು ಮುರಿದರೆ ಅವರಿಗೆ ರಕ್ತದೊತ್ತಡ ಏರುತ್ತದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ಯಾರಾದರೂ ಹೊಸತಾಗಿ ಏನನ್ನಾದರೂ ಹಿಡಿದರೆ ದಯವಿಟ್ಟು ಅದಕ್ಕೆ ರೇಟು ಕಟ್ಟಬೇಡಿ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದನ್ನೂ ಮೊದಲ ಆರು ತಿಂಗಳು ತಡೆಯಿರಿ. ಹೆಬ್ಬೆರಳುಗಳ ಎಣಿಕೆಯೂ ಒಂದು ಎಲೆ ಲೆಕ್ಕವೇ. ಅಡುಗೆಯನ್ನೇ ಹವ್ಯಾಸ ಮಾಡಿಕೊಳ್ಳುತ್ತೇನೆ ಎನ್ನುವವರಿಗೆ ನನ್ನ ಸಲಹೆ: ಬೇಡ. ಕೈಗೆ ಬೇರೆ ಕೆಲಸ ಕೊಡಿ. ಕಸೂತಿ, ಹಾರ್ಮೋನಿಯಂ, ಕುಂಡದಲ್ಲಿ ಸೇವಂತಿಗೆ, ಯಾವುದಾದರೂ ಸರಿ. ಆರೇಳು ಜನ ಒಂದೇ ಕೋಣೆಯಲ್ಲಿ ಮಲಗುವ ನಮ್ಮ ಹುಡುಗರಿಗೆ ಸದ್ದಿಲ್ಲದ್ದು ಉತ್ತಮ, ನನ್ನ ಹಾಗೆ ಮೃದಂಗ ಹಿಡಿದರೆ ಏಟು ಬೀಳುತ್ತದೆ.

ಮತ್ತೊಂದು ಎಚ್ಚರಿಕೆ. ಬದುಕೇ ಬೇಡವೆನಿಸುವಷ್ಟು ಆಗಿದ್ದರೆ, ಅಥವಾ ಎರಡು ವಾರ ಕಳೆದರೂ ನಿದ್ದೆ ಊಟ ಸರಿಹೋಗದಿದ್ದರೆ ಹವ್ಯಾಸ ಹುಡುಕುತ್ತಾ ಕೂರಬೇಡಿ, ವೈದ್ಯರಲ್ಲಿಗೆ ಹೋಗಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ, ಕನ್ನಡದಲ್ಲೂ ಉತ್ತರ ಸಿಗುತ್ತದೆ. ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಗ್ಯಾಸಿನವನ ನಂಬರಿನ ಕೆಳಗೆ ಇದನ್ನೂ ಬರೆದಿಡಿ. ಯಾರಿಗೆಂದು ಕೇಳದೆ ಬರೆದಿಡಿ.

ಮಹಾಸಭೆಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದವರೇ, ಮಧ್ಯಾಹ್ನ ಮೂರೂವರೆಗೆ ನಮ್ಮ ಮನೆಗೆ ಬನ್ನಿ. ಮಗನ ಹಳೆಯ ತಾಳವೊಂದು ಅಟ್ಟದಲ್ಲಿ ಇನ್ನೂ ಇದೆ. ನನ್ನ ಮೃದಂಗ ಕೇಳಿ ಸಂತೋಷಪಡಬಹುದೆಂಬ ಆಸೆ ಬೇಡ. ಮೂರನೇ ವೇಗಕ್ಕೆ ಎಡಗೈ ಇಂದಿಗೂ ಏಳುವುದಿಲ್ಲ. ಭಟ್ಟರು ಮಾತ್ರ ಈಗ ಅಂಗೈಗೆ ಹುಳಿ ಬಿಟ್ಟು ಬೈಸಿಕೊಳ್ಳುತ್ತಿದ್ದಾರೆ, ಉಪ್ಪು ಹೆಚ್ಚಾಯಿತೆಂದು. ರವೆ ಕಲಸುವುದರಲ್ಲಿ ತರಗತಿಯ ಮಕ್ಕಳಿಗೆಲ್ಲ ನಾನೇ ಮಾದರಿ ಎಂದು ಗುರುಗಳೂ ಒಪ್ಪಿದ್ದಾರೆ.