ಕಾಮಣಿಯ ವೈರಸ್ಸು: ಲಸಿಕೆಯೂ ಔಷಧವೂ

ಹಟ್ಟಿಯಲ್ಲಾಗಲಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಾಗಲಿ, ಆಸ್ಪತ್ರೆಯಲ್ಲಿ ಕೂಸು ಹುಟ್ಟಿದರೆ 24 ತಾಸಿನೊಳಗೆ ಅದಕ್ಕೆ ಹೆಪಟೈಟಿಸ್ ‘ಬಿ’ ಲಸಿಕೆ ಹಾಕಬೇಕೆಂಬುದು ಇಂದಿನ ನಿಯಮ. “ಇನ್ನಾ ಕಣ್ಣು ಬಿಡದ ಕೂಸಿಗೆ ಸೂಜಿ ಯಾಕ್ರೀ? ತೊಟ್ಟಿಲಿಗೆ ಹಾಕಿದ ಮ್ಯಾಲೆ ನೋಡೋಣು” ಎಂದು ಹಿರಿಯರು ತಡೆಯುವುದುಂಟು. ಅದು ಮಮತೆಯ ಮಾತೇ ಸರಿ. ಆದರೆ ಈ ಒಂದು ರೋಗದ ವಿಷಯದಲ್ಲಿ ಆ ವಿಳಂಬ ಕೂಸಿನ ಜೀವಕ್ಕೇ ಮುಳುವಾಗಬಹುದು. ಏಕೆಂಬುದನ್ನು ವಿಚಾರಿಸೋಣ.

ಉಂಡ ಅನ್ನದ ಸಾರವನ್ನು ಮೈಗೆ ಒಗ್ಗಿಸುವ, ನಂಜನ್ನು ಕಳೆಯುವ ಅಂಗ ಯಕೃತ್ತು. ಅದಕ್ಕೆ ಬೇನೆ ತಗಲಿದರೆ ಪಿತ್ತದ ಬಣ್ಣ ರಕ್ತದಲ್ಲಿ ಉಳಿದು ಕಣ್ಣು, ಮೈ, ಮೂತ್ರ ಹಳದಿಯಾಗುತ್ತವೆ. ಇದೇ ನಮ್ಮ ಕಡೆಯ ಕಾಮಣಿ. ಆದರೆ ಕಾಮಣಿ ಬರಿಯ ಲಕ್ಷಣ; ಅದರ ಕಾರಣಗಳು ಹಲವು. ವೈರಸ್ಸುಗಳಲ್ಲಿಯೇ ಎ, ಬಿ, ಸಿ, ಡಿ, ಇ ಎಂದು ಐದು ಬಗೆ. ‘ಎ’ ಮತ್ತು ‘ಇ’ ಹೊಲಸು ಬೆರೆತ ನೀರು, ಆಹಾರಗಳಿಂದ ಬರುತ್ತವೆ. ಬಹುಮಟ್ಟಿಗೆ ತಾವಾಗಿಯೇ ವಾಸಿಯಾಗುತ್ತವೆ. ಗರ್ಭಿಣಿಯರಿಗೆ ಮಾತ್ರ ‘ಇ’ ಬಲು ಅಪಾಯಕಾರಿ. ‘ಬಿ’ ಮತ್ತು ‘ಸಿ’ ರಕ್ತದ ದಾರಿ ಹಿಡಿದು ಬರುತ್ತವೆ: ಒಬ್ಬರಿಗೆ ಚುಚ್ಚಿದ ಸೂಜಿ, ಕ್ಷೌರದ ಕತ್ತಿ, ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿ ಇವೆಲ್ಲ ವಾಹಕಗಳೇ. ‘ಬಿ’ ದೇಹಸಂಬಂಧದಿಂದಲೂ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೂ ಅಂಟುತ್ತದೆ. ‘ಡಿ’ ಎಂಬುದು ‘ಬಿ’ಯ ಬೆನ್ನು ಹತ್ತಿಯೇ ಬರುವಂಥದು. ಜೊತೆಯಲ್ಲಿ ಕುಳಿತು ಉಂಡರೆ ‘ಬಿ’ ಆಗಲಿ ‘ಸಿ’ ಆಗಲಿ ಅಂಟುವುದಿಲ್ಲ.

ಬೆಳೆದವರಿಗೆ ‘ಬಿ’ ತಗಲಿದರೆ 100ಕ್ಕೆ 95 ಮಂದಿ ಅದನ್ನು ಗೆದ್ದುಬಿಡುತ್ತಾರೆ. ಹುಟ್ಟುವಾಗಲೇ ತಗಲಿದರೆ 100 ಕೂಸುಗಳಲ್ಲಿ ಸುಮಾರು 90ರಲ್ಲಿ ಅದು ಬೇರೂರಿ ಉಳಿಯುತ್ತದೆ. ಮಗು ಆಡುತ್ತದೆ, ಶಾಲೆಗೆ ಹೋಗುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ. ಹತ್ತಾರು ವರ್ಷಗಳ ಮೇಲೆ, ದುಡಿದು ಸಂಸಾರ ಸಾಕುವ ವಯಸ್ಸಿನಲ್ಲಿ ಯಕೃತ್ತು ಗಡುಸಾಗಬಹುದು, ಇಲ್ಲವೆ ಅದರಲ್ಲಿ ಕ್ಯಾನ್ಸರ್ ಹುಟ್ಟಬಹುದು. ತೊಟ್ಟಿಲ ಶಾಸ್ತ್ರಕ್ಕೆ ಒಳ್ಳೆಯ ದಿನ ನೋಡಬಹುದು; ಲಸಿಕೆಗೆ ಹುಟ್ಟಿದ ದಿನವೇ ಒಳ್ಳೆಯ ದಿನ.

ಲಸಿಕೆ ಮಾಡುವ ಕೆಲಸವೇನು? ಚಿನ್ನದ ಗಣಿಯ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆನ್ನಿ. ಕಳ್ಳನು ತೊಡುವ ಅಂಗಿಯನ್ನು ಮೊದಲೇ ತೋರಿಸಿ, “ಈ ಅಂಗಿಯವನನ್ನು ಒಳಗೆ ಬಿಡಬೇಡ” ಎಂದರೆ ಆತ ಎಚ್ಚರದಿಂದಿರುತ್ತಾನೆ. ಲಸಿಕೆಯಲ್ಲಿರುವುದು ಆ ಅಂಗಿ ಮಾತ್ರ, ಕಳ್ಳನಲ್ಲ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಆಸ್ಟ್ರೇಲಿಯದ ಆದಿವಾಸಿಯೊಬ್ಬನ ರಕ್ತದಲ್ಲಿ ಕಂಡ ವಿಚಿತ್ರ ಪ್ರೋಟೀನನ್ನು 1965ರಲ್ಲಿ ಪ್ರಕಟಪಡಿಸಿದನು. ಅದು ‘ಬಿ’ ವೈರಸ್ಸಿನ ಹೊರಕವಚವೆಂದು ಬಳಿಕ ತಿಳಿದುಬಂತು. 1976ರಲ್ಲಿ ಅವನಿಗೆ ನೊಬೆಲ್ ಬಹುಮಾನ ಸಂದಿತು. ಈಗ ಈ ಕವಚವನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಬೆಳೆಸುತ್ತಾರೆ. ಆದುದರಿಂದ ಲಸಿಕೆಯಿಂದ ರೋಗ ಬರುವ ಮಾತೇ ಇಲ್ಲ. 1956ರವರೆಗೆ ನಮ್ಮ ರಾಯಚೂರು ಸೀಮೆಗೆ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿಯೇ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ 1997ರಲ್ಲಿ ಇಂಥ ಲಸಿಕೆಯನ್ನು ಅಗ್ಗವಾಗಿ ತಯಾರಿಸಿ ಹೊರತಂದಿತು. ಮೊದಲ ದಿನದ ಲಸಿಕೆಯ ನಂತರ 6, 10 ಮತ್ತು 14ನೆಯ ವಾರಗಳಲ್ಲಿ ಐದು ರೋಗಗಳ ಸಂಯುಕ್ತ ಲಸಿಕೆಯೊಡನೆ ಇದನ್ನು ಮತ್ತೆ ಕೊಡುತ್ತಾರೆ.

ಕಳ್ಳನು ಒಳಹೊಕ್ಕ ಮೇಲೆ ಲಸಿಕೆಯಿಂದ ಉಪಯೋಗವಿಲ್ಲ. ಆಗ ಔಷಧ ಬೇಕು. ವೈರಸ್ಸು ನಮ್ಮ ಜೀವಕೋಶವನ್ನೇ ಕಾರ್ಖಾನೆ ಮಾಡಿಕೊಂಡು ತನ್ನ ಪ್ರತಿಗಳನ್ನು ತಯಾರಿಸುತ್ತದೆ. ‘ಸಿ’ಗೆ ಕೊಡುವ ಸೊಫೊಸ್‌ಬುವಿರ್ ಗುಳಿಗೆ ಆ ಕೆಲಸಕ್ಕೆ ಹುಸಿ ಇಟ್ಟಿಗೆಯನ್ನು ಒದಗಿಸುತ್ತದೆ. ಅದು ಸೇರಿದೊಡನೆ ಕಟ್ಟಡ ನಿಂತುಹೋಗುತ್ತದೆ. ಜೊತೆಗೆ ಇನ್ನೊಂದು ಔಷಧವನ್ನೂ ಸೇರಿಸಿ ಸಾಮಾನ್ಯವಾಗಿ 12 ವಾರ ತೆಗೆದುಕೊಂಡರೆ 100ಕ್ಕೆ 95 ಮಂದಿ ಪೂರ್ಣ ಗುಣ ಹೊಂದುತ್ತಾರೆ. ‘ಸಿ’ಗೆ ಲಸಿಕೆಯಿಲ್ಲ, ಗುಣವುಂಟು. ‘ಬಿ’ಯ ರೀತಿ ಬೇರೆ. ಅದು ಜೀವಕೋಶದ ಕೇಂದ್ರದಲ್ಲಿ ತನ್ನ ಬೀಜವನ್ನು ಬಚ್ಚಿಡುತ್ತದೆ. ಟೆನೊಫೊವಿರ್ ಗುಳಿಗೆ ಹೊಸ ಪ್ರತಿಗಳನ್ನು ತಡೆದು ಯಕೃತ್ತನ್ನು ಕಾಯುತ್ತದೆ, ಆದರೆ ಬೀಜವನ್ನು ಕೀಳಲಾರದು. ಆದ್ದರಿಂದ ಈ ಗುಳಿಗೆಯನ್ನು ವರ್ಷಗಟ್ಟಲೆ ನುಂಗಬೇಕಾಗುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ರೋಗ ಮತ್ತೆ ಕೆರಳೀತು.

ಕಾಮಣಿಗೆ ಬರೆ ಹಾಕಿಸುವವರೂ ನೆಲನೆಲ್ಲಿ ಕುಡಿಸುವವರೂ ನಮ್ಮಲ್ಲಿದ್ದಾರೆ. ‘ಎ’ ಬಂದವನು ಬರೆಯಿಲ್ಲದೆಯೂ ಗುಣವಾಗುತ್ತಾನೆ; ಕೀರ್ತಿ ಬರೆಗೆ ಹೋಗುತ್ತದೆ! ನೆಲನೆಲ್ಲಿಯನ್ನು ಮದರಾಸಿನ ಸಂಶೋಧಕರು ಬ್ಲಂಬರ್ಗನೊಡನೆ ಸೇರಿ ಪರೀಕ್ಷಿಸಿ, 1988ರಲ್ಲಿ ಆಶಾದಾಯಕ ಫಲ ಪ್ರಕಟಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ.

ಗರ್ಭಿಣಿಯರು ‘ಬಿ’ಯ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು. ರೋಗವಿದೆಯೆಂದು ತಿಳಿದರೆ ತಾಯಿಗೆ ಗುಳಿಗೆ, ಕೂಸಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು ಕಾಪಾಡುವ ದಾರಿಯಿದೆ. ಅಂಥ ತಾಯಿ ಎದೆಹಾಲು ಬಿಡಿಸಬೇಕಾಗಿಲ್ಲ. ಮನೆಯಲ್ಲಿ ಹೆರಿಗೆಯಾದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿರಿ. ಸೂಜಿ ಹೊಸದೇ, ಬ್ಲೇಡು ಹೊಸದೇ ಎಂದು ಕೇಳಲು ಸಂಕೋಚ ಬೇಡ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ‘ಬಿ’, ‘ಸಿ’ಗಳ ಪರೀಕ್ಷೆಯೂ ಔಷಧವೂ ಉಚಿತ. ಸಮೀಪದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ.