ಗಾಲಿಯ ಮೇಲಿನ ಮನೆಯೂ ಗೋವೆಯ ಸರಹದ್ದೂ

ಇತ್ತೀಚಿನ ಕೆಲವು ವರ್ಷಗಳಿಂದ ಬೆಳಗಾವಿ-ಖಾನಾಪುರದ ಹೆದ್ದಾರಿಯಲ್ಲಿ ಒಂದು ಹೊಸ ಬಗೆಯ ವಾಹನವು ಆಗಾಗ ಕಣ್ಣಿಗೆ ಬೀಳಹತ್ತಿದೆ. ಹೊರಗಿನಿಂದ ನೋಡಿದರೆ ಅದೊಂದು ದೊಡ್ಡ ಮೋಟಾರು; ಒಳಹೊಕ್ಕು ನೋಡಿದರೆ ಮನೆ. ಮಲಗಲು ಮಂಚ, ಅಡಿಗೆಗೆ ಒಲೆ, ನೀರಿಗೆ ತೊಟ್ಟಿ, ಸ್ನಾನಕ್ಕೂ ಶೌಚಕ್ಕೂ ಒಂದು ಚಿಕ್ಕ ಕೋಣೆ, ಇಷ್ಟೂ ಗಾಲಿಗಳ ಮೇಲೆಯೇ ಉರುಳಿಕೊಂಡು ಹೋಗುತ್ತವೆ. ಇದಕ್ಕೆ ಕ್ಯಾರವಾನ್ ಎಂದು ಹೆಸರು. ನೆರೆಯ ಮಹಾರಾಷ್ಟ್ರವೂ ಅತ್ತ ಕೇರಳವೂ 2021ರಲ್ಲಿ ಇಂಥ ಪ್ರವಾಸಕ್ಕೆಂದೇ ತಮ್ಮ ತಮ್ಮ ಧೋರಣೆಗಳನ್ನು ಪ್ರಕಟಿಸಿದವು. ಕಳೆದ ಚಳಿಗಾಲದಲ್ಲಿ ನಮ್ಮ ಮಿತ್ರರೊಬ್ಬರು ಇಂಥದೊಂದು ವಾಹನವನ್ನು ಬಾಡಿಗೆಗೆ ತಂದು, ಗೋವೆಯವರೆಗೆ ಜೊತೆಗೆ ಬರಬೇಕೆಂದು ನಮ್ಮನ್ನು ಒತ್ತಾಯಪಡಿಸಿದರು. ಮೂರು ದಿವಸದ ಆ ಪ್ರವಾಸದಲ್ಲಿ ನಾವು ಕಂಡದ್ದನ್ನೂ, ಕಂಡು ನಾಚಿದ್ದನ್ನೂ ವಾಚಕರ ಮುಂದೆ ಇಡುವದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತು ಬರೆಯುತ್ತೇವೆ.

ಮನೆಯನ್ನು ಕಟ್ಟಿಕೊಂಡು ಊರು ಬಿಡುವದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೊರಟ ಕೊಲ್ಲಾರಿ ಬಂಡಿಗಳನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತಿದೆ. ಬಂಡಿಯಲ್ಲಿ ಹಾಸಿಗೆ, ಬುತ್ತಿಯ ಗಂಟು, ನೀರಿನ ಕೊಡ, ಮೊಮ್ಮಕ್ಕಳು. ಹಳ್ಳದ ದಂಡೆಯಲ್ಲಿ ಕೊಳ್ಳು ಹರಿದು ಮೂರು ಕಲ್ಲು ಹೂಡಿದರೆ ಅಡಿಗೆಯ ಮನೆ ಸಿದ್ಧ. ಈಗ ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರು ಬಂದಿದೆ, ಅಷ್ಟೇ. ಅದಕ್ಕೂ ಹಿಂದೆ ಲಂಬಾಣಿಗಳ ಹೇರೆತ್ತಿನ ಸಾಲುಗಳು ಘಟ್ಟದ ಮೇಲಿನ ಧಾನ್ಯವನ್ನು ಕರಾವಳಿಗಿಳಿಸಿ, ಕಡಲ ದಂಡೆಯ ಉಪ್ಪನ್ನು ಘಟ್ಟವೇರಿಸಿ ತರುತ್ತಿದ್ದವು. ಎತ್ತು, ಹೆಂಡಿರು, ಮಕ್ಕಳು, ಡೇರೆ ಎಲ್ಲವೂ ಜೊತೆಗೇ ನಡೆಯುತ್ತಿದ್ದ ಆ ತಾಂಡಾಗಳಿಗಿಂತ ದೊಡ್ಡ ಕ್ಯಾರವಾನು ಯಾವದಿದೆ?

ಇರಲಿ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು ನಡೆದರೆ ಮಲಪ್ರಭೆಯ ದಂಡೆಯ ಮೇಲೆ ಖಾನಾಪುರ. ಹಂಚಿಗೂ ಮಣ್ಣಿನ ಪಾತ್ರೆಗಳಿಗೂ ಹೆಸರಾದ ಊರು. ಇದೇ ತಾಲೂಕಿನ ಹಲಸಿಯು ಒಂದು ಕಾಲಕ್ಕೆ ಕದಂಬರ ಪಲಾಶಿಕೆ. ಮುಂದೆ ಗೋವೆಯ ಕದಂಬರು ಕಡಲ ಬದಿಯ ಕೊಂಕಣವನ್ನೂ ಘಟ್ಟದ ಮೇಲಿನ ಹಲಸಿಗೆ ನಾಡನ್ನೂ ಒಂದೇ ಛತ್ರದ ಕೆಳಗೆ ಆಳಿದರು. ಹಲಸಿಯ ಭೂವರಾಹ ನರಸಿಂಹ ದೇವಾಲಯವು ಆ ದಿನಗಳ ಸಾಕ್ಷಿಯಾಗಿ ನಿಂತಿದೆ. ಅಂದರೆ ಹನ್ನೆರಡನೆಯ ಶತಕದಲ್ಲಿ ಖಾನಾಪುರದವನಿಗೆ ಗೋವೆಯು ಪರನಾಡಾಗಿರಲಿಲ್ಲ. ಇಂದಿಗೂ ಗೋವೆಯ ಸರಕಾರಿ ಬಸ್ಸುಗಳು ಕದಂಬ ಎಂಬ ಹೆಸರನ್ನೇ ಹೊತ್ತು ಬೆಳಗಾವಿಯ ನಿಲ್ದಾಣಕ್ಕೆ ಬರುತ್ತವೆ. ಕನ್ನಡದ ರಾಜಮನೆತನವೊಂದರ ಹೆಸರನ್ನು ನೆರೆರಾಜ್ಯದ ಬಸ್ಸಿನ ಹಣೆಯ ಮೇಲೆ ಓದುವಾಗ ನಮ್ಮವರಲ್ಲಿ ಎಷ್ಟು ಜನ ಕ್ಷಣಹೊತ್ತು ನಿಂತು ಯೋಚಿಸುವರೋ!

ಖಾನಾಪುರವನ್ನು ದಾಟಿದ ಮೇಲೆ ಅರಣ್ಯವು ಎರಡೂ ಕಡೆಯಿಂದ ಒತ್ತಿ ಬರುತ್ತದೆ. ನಮ್ಮ ಬಲಗಡೆಗೆ, ಒಳಗೆ, 2011ರಲ್ಲಿ ಅಭಯಾರಣ್ಯವೆಂದು ಸಾರಲ್ಪಟ್ಟ ಭೀಮಗಡ. ಅದರ ಬಾರಾಪೇಡೆಯ ಗುಹೆಗಳಲ್ಲಿ ಜಗತ್ತಿನಲ್ಲಿಯೇ ಅತಿ ವಿರಳವಾದ ಒಂದು ಜಾತಿಯ ಬಾವಲಿಗಳು ವಾಸಿಸುತ್ತವೆ. ಮುಂದೆ ಮೂರು ದಿಕ್ಕಿನ ರೈಲು ಹಾದಿಗಳು ಕೂಡುವ ಲೋಂಡಾ. ಲೋಂಡಾದಿಂದ ಪಡುವಲಿಗೆ, ನೆರೆಯ ಜೋಯಿಡಾ ತಾಲೂಕಿನಲ್ಲಿ, ಕ್ಯಾಸಲ್‌ರಾಕ್. ಮಳೆಗೆ ಪಾಚಿಗಟ್ಟಿದ ಈ ಸಣ್ಣ ನಿಲ್ದಾಣದ ಹೆಸರು ಇಂದಿನ ಪ್ರವಾಸಿಗನಿಗೆ ದೂಧಸಾಗರದ ಜಲಪಾತದ ಹಾದಿಯೆಂದು ಮಾತ್ರ ಗೊತ್ತು. ಆದರೆ ಇದು ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ಹೊಸ್ತಿಲಾಗಿತ್ತು.

ಆ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. 1878ರ ಡಿಸೆಂಬರದಲ್ಲಿ ಆಂಗ್ಲರೂ ಪೋರ್ತುಗೀಜರೂ ಒಂದು ಒಪ್ಪಂದ ಮಾಡಿಕೊಂಡು ತಮ್ಮ ನಡುವಿನ ಜಕಾತಿಯ ಗೋಡೆಯನ್ನು ತೆಗೆದುಹಾಕಿದರು. ಅದಕ್ಕೆ ಬದಲಾಗಿ ಗೋವೆಯ ಉಪ್ಪಿನ ಒಡೆತನವು ಆಂಗ್ಲರ ಕೈಸೇರಿತು. ಮುರಗಾಂವ ಬಂದರದಿಂದ ಘಟ್ಟವೇರಿ ಬರುವ ರೈಲಿಗೂ ಹಾದಿಯಾಯಿತು. ಆ ರೈಲು 1888ರಲ್ಲಿ ಕ್ಯಾಸಲ್‌ರಾಕ್ ಮುಟ್ಟಿತು. ಒಪ್ಪಂದವು ಮಾತ್ರ 1892ರ ಆರಂಭದಲ್ಲಿ ಮುಗಿದುಹೋಯಿತು. ಗೋಡೆಯು ಮತ್ತೆ ಎದ್ದಿತು. ಆ ಮೇಲೆ ಗಾಡಿಯು ಈಚೆ ಕ್ಯಾಸಲ್‌ರಾಕಿನಲ್ಲಿಯೂ ಆಚೆ ಕುಳೆಯಲ್ಲಿಯೂ ನಿಲ್ಲಬೇಕು. ಪ್ರವಾಸಿಕನು ತನ್ನ ಗಂಟುಮೂಟೆಗಳನ್ನು ಬಿಚ್ಚಿ ತೋರಿಸಬೇಕು. ಆಂಗ್ಲರು ಹೋದ ಮೇಲೂ ಪೋರ್ತುಗೀಜರು ಕದಲಲಿಲ್ಲ. 1955ರ ಆಗಸ್ಟ್ 15ರಂದು ನಿಃಶಸ್ತ್ರ ಸತ್ಯಾಗ್ರಹಿಗಳು ಈ ಸರಹದ್ದನ್ನು ದಾಟಹೋಗಿ ಗುಂಡಿಗೆ ಎದೆಯೊಡ್ಡಿದರು. ಅದೇ ವರ್ಷ ರೈಲೂ ನಿಂತಿತು. ನವೆಂಬರದಲ್ಲಿ ಲಿಬಿಯಾ ಲೋಬೋ ಹಾಗೂ ವಾಮನ ಸರದೇಸಾಯಿಯವರು ಆಂಬೋಲಿಯ ಕಾಡಿನಿಂದ ಗುಪ್ತ ಆಕಾಶವಾಣಿಯೊಂದನ್ನು ಆರಂಭಿಸಿದರು. ಮುಂದೆ ಅದನ್ನು ಇದೇ ಕ್ಯಾಸಲ್‌ರಾಕಿನ ಅರಣ್ಯಕ್ಕೆ ತಂದು, ಗೋವೆಯು ಬಿಡುಗಡೆಯಾಗುವವರೆಗೆ ನಡೆಸಿದರು. ಹಾವು, ಜಿಗಣೆ, ಮಳೆಗಳ ನಡುವೆ ಆರು ವರ್ಷ! ಕೊನೆಗೆ 1961ರ ಡಿಸೆಂಬರದಲ್ಲಿ, ಮೇಜರ್ ಜನರಲ್ ಕ್ಯಾಂಡೆತ್ ಅವರ ದಳವು ಬೆಳಗಾವಿಯ ಕಡೆಯಿಂದ ಅನಮೋಡ ಘಟ್ಟವನ್ನಿಳಿಯಿತು. 19ನೆಯ ತಾರೀಖಿನ ಸಂಜೆಗೆ 451 ವರ್ಷಗಳ ಪರಕೀಯ ಆಳಿಕೆ ಮುಗಿಯಿತು.

ಇಷ್ಟೆಲ್ಲ ನಡೆದ ಘಟ್ಟವನ್ನು ನಾವು ದಾಟಿದ್ದು ಹೇಗೆ? ಮಿತ್ರರು ಚಹದ ಬಟ್ಟಲು ಕೈಯಲ್ಲಿ ಹಿಡಿದು ಮೆತ್ತನೆಯ ಆಸನದಲ್ಲಿ ಕುಳಿತಿದ್ದರು. ಬಟ್ಟಲು ಬರಿದಾಗುವದರೊಳಗೆ ಸರಹದ್ದು ಹಿಂದೆ ಬಿದ್ದಿತ್ತು. ತಿರುಗಿ ಬರುವವನ ಗಾಡಿಯಲ್ಲಿ ಗೋವೆಯ ಅಗ್ಗದ ಮದ್ಯವಿದೆಯೋ ಎಂದು ನೋಡುವ ಅಬಕಾರಿ ನಾಕೆಯೊಂದನ್ನುಳಿದು, ಹೋಗುವವನನ್ನು ಯಾರು ಎಂದು ಕೇಳುವವರಿಲ್ಲ. ಇದು ಸಣ್ಣ ಭಾಗ್ಯವಲ್ಲ. ಜಗತ್ತಿನ ಇನ್ನೊಂದು ಸರಹದ್ದನ್ನು ನೋಡಿದರೆ ಇದರ ಬೆಲೆ ತಿಳಿಯುವದು.

ಅಮೇರಿಕೆಗೂ ಮೆಕ್ಸಿಕೋ ದೇಶಕ್ಕೂ ನಡುವೆ ಮೂರು ಸಾವಿರ ಕಿಲೋಮೀಟರಿಗೂ ಉದ್ದವಾದ ಗಡಿಯಿದೆ. 1848ರಲ್ಲಿ ಯುದ್ಧದಿಂದಲೂ 1853ರಲ್ಲಿ ಕ್ರಯದಿಂದಲೂ ಗೊತ್ತಾದ ಈ ಗೆರೆಯು ಬಹು ದೂರದವರೆಗೆ ಮರುಭೂಮಿಯಲ್ಲಿ ಹಾಯುತ್ತದೆ. ಉತ್ತರದ ಚಳಿಗೆ ಹೆದರಿದ ಅಮೇರಿಕದ ವೃದ್ಧ ದಂಪತಿಗಳು ಪ್ರತಿ ಚಳಿಗಾಲಕ್ಕೆ ಇಂಥವೇ ಗಾಲಿಮನೆಗಳಲ್ಲಿ ಆರಿಜೋನಾದ ಮರಳುಗಾಡಿಗೆ ಬಂದು ಬಿಡಾರ ಹೂಡುತ್ತಾರೆ. ಗಡಿ ದಾಟಿ ಸೊನೋರಾದ ಕಡಲತೀರಕ್ಕೂ ಇಳಿಯುತ್ತಾರೆ. ಹಲ್ಲಿನ ಚಿಕಿತ್ಸೆ ಅಗ್ಗವೆಂದು ಲಾಸ್ ಆಲ್ಗೊಡೊನೆಸ್ ಎಂಬ ಊರಿಗೂ ಹೋಗಿಬರುತ್ತಾರೆ. ದಕ್ಷಿಣಕ್ಕೆ ವಿಹಾರಕ್ಕಾಗಿ ಹೋಗುವವನಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಉತ್ತರಕ್ಕೆ ಕೂಲಿಗಾಗಿ ಹೋಗುವ ಬಡವನಿಗೆ ಮಾತ್ರ ಕಬ್ಬಿಣದ ಗೋಡೆ, ಕಾವಲುಗಾರ. ಅದೇ ಮರುಭೂಮಿಯಲ್ಲಿ ನೀರಡಿಸಿ ಸತ್ತವರ ಸಂಖ್ಯೆ ಸಾವಿರಗಟ್ಟಲೆ. ಒಂದೇ ಗೆರೆ, ಒಂದೇ ಮರಳು. ದಾಟುವವರು ಮಾತ್ರ ಎರಡು ತರದವರು.

ನಮ್ಮಲ್ಲಿ ಗೋಡೆಯಿಲ್ಲ. ಆದರೆ ಎರಡು ತರದ ಪ್ರವಾಸಿಗಳು ನಮ್ಮಲ್ಲಿಯೂ ಉಂಟು. ಹೋಗುವಾಗಿನ ಮೊದಲ ರಾತ್ರಿ ನಮ್ಮ ಗಾಲಿಮನೆಯು ಲೋಂಡಾದ ಹತ್ತಿರ ಚಹದಂಗಡಿಯೊಂದರ ಮಗ್ಗುಲಲ್ಲಿ ನಿಂತಿತ್ತು. ನಡುರಾತ್ರಿ ಕಳೆದ ಮೇಲೆ ಟೆಂಪೋ ಒಂದು ಬಂದು ನಿಂತಿತು. ಅದರೊಳಗಿಂದ ಬಾಗಲಕೋಟೆಯ ಕಡೆಯ ಕೂಲಿಯವರು ಒಬ್ಬೊಬ್ಬರಾಗಿ ಇಳಿದರು. ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವರು. ಬುಟ್ಟಿ, ಸಲಿಕೆ, ರೊಟ್ಟಿಯ ಗಂಟು, ತೊಡೆಯ ಮೇಲೆ ಮಲಗಿದ ಕೂಸು. ಹೆಂಗಸರು ಅತ್ತಿತ್ತ ನೋಡಿ, ಕತ್ತಲೆಯ ಕಡೆಗೆ ಗುಂಪಾಗಿ ನಡೆದರು; ಬೇರೆ ಸ್ಥಳವಿರಲಿಲ್ಲ. ಅವರಲ್ಲಿಯ ಹಿರಿಯನೊಬ್ಬನು ನಮ್ಮ ವಾಹನವನ್ನು ಸುತ್ತಿ ನೋಡಿ, "ಸಾಹೇಬ್ರ, ಇದು ಮನೀನೋ ಮೋಟಾರೋ?" ಎಂದು ಕೇಳಿದನು. ಎರಡೂ ಹೌದೆಂದೆವು. "ನಿಮ್ಮ ಮನಿ ನಿಮ್ಮ ಸಂಗಾಟ ಬರತೈತಿ. ನಮ್ಮದಕ್ಕ ಕೀಲಿ ಹಾಕಿ ಬಂದೀವ್ರಿ," ಎಂದು ನಕ್ಕನು. ಆ ನಗೆಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಗೋವೆಯ ಬಂದರುಗಳನ್ನೂ ಹೊಟೇಲುಗಳನ್ನೂ ಕಟ್ಟಿದ ಕೈಗಳಲ್ಲಿ ಉತ್ತರ ಕರ್ನಾಟಕದ ಕೈಗಳು ಎಷ್ಟೋ. ಬೆಳಗಾವಿಯ ಕಾಯಿಪಲ್ಲೆಯಿಲ್ಲದೆ ಗೋವೆಯ ಒಲೆ ಹೊತ್ತುವದಿಲ್ಲ. ಆದರೂ 2017ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಬಹುಮಂದಿ ಕನ್ನಡಿಗರೇ ಇದ್ದರು. ಕಾಯಿದೆಯ ಮಾತು ಏನೇ ಇರಲಿ, ವಿಹಾರಕ್ಕೆ ಹೋದ ಕನ್ನಡಿಗನ ಗಾಲಿಮನೆಗೆ ಅದೇ ಕಡಲ ದಂಡೆಯಲ್ಲಿ ಸ್ವಾಗತವೂ, ದುಡಿಯಹೋದ ಕನ್ನಡಿಗನ ಗುಡಿಸಲಿಗೆ ಬುಲ್ಡೋಜರೂ ಕಾದಿರುವದನ್ನು ಕಂಡು ಮನಸ್ಸು ಕಲಕದವನು ಯಾರು?

ಇನ್ನು ನಾವು ನಾಚಿದ ಸಂಗತಿ. ತಿರುಗಿ ಬರುವಾಗ ಸಾಖಳಿ, ಕೇರಿಗಳ ಮೇಲಿಂದ ಚೋರ್ಲಾ ಘಟ್ಟವನ್ನೇರಿ ಕಣಕುಂಬಿಗೆ ಬಂದೆವು. ಮಲಪ್ರಭೆಯ ಉಗಮವು ಇಲ್ಲಿಯೇ. ಊರಿನಿಂದ ಸ್ವಲ್ಪ ಈಚೆಗೆ ಹಳ್ಳವೊಂದರ ಬದಿಗೆ ಗಾಡಿಯನ್ನು ನಿಲ್ಲಿಸಿ, ಚಾಲಕನು ಕೆಳಗಿಳಿದು ಒಂದು ಕೊಳವೆಯನ್ನು ಎಳೆಯಹತ್ತಿದನು. ಏನೆಂದು ಕೇಳಿದೆವು. ಮೂರು ದಿವಸದ ಹೊಲಸು ನೀರು ತೊಟ್ಟಿಯಲ್ಲಿ ತುಂಬಿದೆ, ಇಲ್ಲಿ ಬಿಟ್ಟುಬಿಡುತ್ತೇನೆ ಎಂದನು! ನಾವು ಗದರಿಸಿ ತಡೆದೆವು. ಆತನು ಸಿಟ್ಟಾಗಲಿಲ್ಲ. "ಮತ್ತ ಎಲ್ಲಿ ಬಿಡೂದ್ರಿ? ನೀವಽ ಜಾಗಾ ತೋರಸ್ರಿ," ಎಂದನು. ನಾವು ಜಾಗ ತೋರಿಸಲಾರದೆ ಹೋದೆವು. ಹಾದಿಯುದ್ದಕ್ಕೂ ಅಂಥದೊಂದು ಜಾಗ ನಮಗೆ ಕಂಡಿರಲಿಲ್ಲ. ಆ ತೊಟ್ಟಿಯನ್ನು ಹಾಗೆಯೇ ಹೊತ್ತು ಬೆಳಗಾವಿಗೆ ಬಂದೆವು.

ಆ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ? ಮಲಪ್ರಭೆಗೆ, ಅಲ್ಲಿಂದ ಸವದತ್ತಿಯ ನವಿಲುತೀರ್ಥದ ಜಲಾಶಯಕ್ಕೆ, ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ಮನೆಗಳ ನಳಕ್ಕೆ. ಇದೇ ಮಲಪ್ರಭೆಗೆ ಕಳಸಾ-ಬಂಡೂರಿಯ ನೀರು ಬೇಕೆಂದು ರೈತರು ವರ್ಷಾನುಗಟ್ಟಲೆ ಬೀದಿಯಲ್ಲಿ ಕುಳಿತರು. ಮಹದಾಯಿ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ದೊರೆತದ್ದು 3.90 ಟಿಎಂಸಿ. ಹನಿಹನಿಗೆ ನ್ಯಾಯಾಸನದ ಮುಂದೆ ವಾದಿಸುವ ನಾಡು, ಆ ನದಿಯ ತವರಿನಲ್ಲಿಯೇ ತೊಟ್ಟಿಯ ಹೊಲಸನ್ನು ಚೆಲ್ಲುವದೆಂದರೆ ಏನೆನ್ನಬೇಕು? ಮನೆಯನ್ನು ಹೊತ್ತು ತಿರುಗುವವನು ಮನೆಯ ಹೊಲಸನ್ನೂ ಹೊತ್ತು ತಿರುಗುತ್ತಾನೆಂಬದನ್ನು ಜಾಹೀರಾತುಗಳು ಹೇಳುವದಿಲ್ಲ.

ಕ್ಯಾರವಾನು ಬರಬಾರದೆಂದು ನಾವು ಹೇಳುವದಿಲ್ಲ. ಖಾನಾಪುರದ ಸೀಮೆಯನ್ನು ಕಣ್ತುಂಬ ನೋಡಲು ಹೊಟೇಲಿನ ಕಿಟಕಿಗಿಂತ ಅದು ಎಷ್ಟೋ ಮೇಲು. ಆದರೆ ಬರುವವರಿಗೆ ನಿಲ್ಲುವ ಸ್ಥಳ ಬೇಕು. ಖಾನಾಪುರ, ಲೋಂಡಾ, ಜಾಂಬೋಟಿ ಈ ಮೂರು ಕಡೆಗಳಲ್ಲಿ, ಅರಣ್ಯದ ಮೇರೆಯ ಹೊರಗೆ, ಒಂದೊಂದು ತಂಗುದಾಣವನ್ನು ಸರಕಾರವು ಕಟ್ಟಿಸಲಿ. ಅಲ್ಲಿ ಶುದ್ಧ ನೀರಿನ ನಳವಿರಲಿ, ಹೆಂಗಸರು ನಿರ್ಭಯವಾಗಿ ಹೋಗಬಹುದಾದ ಶೌಚಗೃಹಗಳಿರಲಿ, ರಾತ್ರಿಯಿಡೀ ದೀಪವಿರಲಿ, ಗಾಲಿಮನೆಗಳ ಹೊಲಸನ್ನು ಇಳಿಸಿಕೊಂಡು ಶುದ್ಧಗೊಳಿಸುವ ಗುಂಡಿಯಿರಲಿ. ಗಾಲಿಮನೆಯವನಿಂದ ತಕ್ಕ ಶುಲ್ಕ ತೆಗೆದುಕೊಳ್ಳಲಿ. ಟೆಂಪೋದ ಕೂಲಿಯವನಿಗೆ ಅದು ಧರ್ಮಾರ್ಥವಾಗಿರಲಿ. ಆ ಉತ್ಪನ್ನದಲ್ಲಿ ಒಂದು ಪಾಲು ಕಾಡೊಳಗಿನ ಹಳ್ಳಿಗಳಿಗೆ ಹೋಗಲಿ. 2024ರ ಮಳೆಗಾಲದಲ್ಲಿ ಆಮಗಾಂವದ ರೋಗಿ ಹೆಣ್ಣುಮಗಳೊಬ್ಬಳನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಕಾಡು ದಾಟಿಸಬೇಕಾಯಿತೆಂಬದನ್ನು ಅಧಿಕಾರಿಗಳು ಮರೆತಿರಲಾರರು. ಮಂಚ, ಒಲೆ, ಶೌಚಗೃಹಗಳೊಡನೆ ಮನೆಯೇ ಉರುಳಿ ಹೋಗುವ ತಾಲೂಕಿನಲ್ಲಿ ರೋಗಿಗೆ ಒಂದು ಕಾಲುಸೇತುವೆ ದೊರೆಯಬಾರದೇ?

ಇದು ನೂತನ ಬೇಡಿಕೆಯಲ್ಲ. ನಮ್ಮ ಹಿರಿಯರು ಹಾದಿಗೆ ಸಾಲುಮರ ನೆಟ್ಟರು, ಬಾವಿ ತೋಡಿದರು, ಅರವಟ್ಟಿಗೆಯಿಟ್ಟರು, ಧರ್ಮಶಾಲೆ ಕಟ್ಟಿಸಿದರು; ಬರುವವನು ಸಾಹುಕಾರನೋ ಕೂಲಿಯವನೋ ಎಂದು ನೆರಳು ಕೇಳಲಿಲ್ಲ. ಆಂಬೋಲಿ, ಕ್ಯಾಸಲ್‌ರಾಕುಗಳ ಕಾಡಿನಲ್ಲಿ ಆರು ವರ್ಷ ಜಿಗಣೆಗಳಿಗೆ ರಕ್ತ ಕೊಟ್ಟವರು ಸರಹದ್ದನ್ನು ಅಳಿಸಿದ್ದು ವಿಹಾರಿಗಳ ಸಲುವಾಗಿ ಮಾತ್ರವಲ್ಲ. ಆ ಹಾದಿಯಲ್ಲಿ ಬಡವನಿಗೂ ಒಂದು ದೀಪ, ಒಂದು ನಳ, ಒಂದು ಮರೆ ದೊರೆತಂದು ನಾವು ಗೋವೆಯ ಗಡಿ ನಿಜವಾಗಿಯೂ ತೆರೆಯಿತೆಂದು ಬರೆಯುವೆವು. ಬೆಳಗಾವಿಯ ಜಿಲ್ಲಾಧಿಕಾರಿಗಳೂ ಪ್ರವಾಸೋದ್ಯಮ ಖಾತೆಯವರೂ ಬರುವ ಚಳಿಗಾಲಕ್ಕೆ ಮೊದಲು ಈ ಹಾದಿಯಲ್ಲಿ ಒಂದು ರಾತ್ರಿ ಪ್ರಯಾಣ ಮಾಡಿ ನೋಡಲಿ ಎಂದು ನಮ್ಮ ವಿನಂತಿ. ಗಾಲಿಮನೆಯಲ್ಲಿ ಬೇಡ, ಟೆಂಪೋದಲ್ಲಿ.